ಎಳೆಯ ಐರಿಷ್ ಸಿಂಗಲ್ ಮಾಲ್ಟ್ ಸವಿಯುವುದು ಹೇಗೆ

ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಪೂರ್ತಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ. ಐರ್ಲೆಂಡಿನ ಹೊಸ ಡಿಸ್ಟಿಲರಿಯ ಸಿಂಗಲ್ ಮಾಲ್ಟ್ ಕುಡಿದವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎರಡು ಮಾತು. "ಇನ್ನೂ ಹಸಿ ಹಸಿ" ಅನ್ನುತ್ತಾರೆ ಒಬ್ಬರು. "ಬರೀ ಪೀಪಾಯಿ ರುಚಿ" ಅನ್ನುತ್ತಾರೆ ಇನ್ನೊಬ್ಬರು. ಕೆಲವು ಬಾಟಲಿಗಳ ಮಟ್ಟಿಗೆ ಎರಡೂ ನಿಜವೇ. ಆದರೆ ಪೀಪಾಯಿಯಲ್ಲಿ 18 ವರ್ಷ ಕಳೆದ ವಿಸ್ಕಿಯಲ್ಲಿ ಸಿಗುವುದನ್ನೇ 4-5 ವರ್ಷದ ವಿಸ್ಕಿಯಲ್ಲಿ ಹುಡುಕಿದರೆ ಎಂಥ ಒಳ್ಳೆಯ ವಿಸ್ಕಿಯೂ ಸೋಲುತ್ತದೆ. ಎಳೆಯ ವಿಸ್ಕಿಯಲ್ಲಿ ಬಾರ್ಲಿ ಇನ್ನೂ ಬಾರ್ಲಿಯಾಗಿಯೇ ಇರುತ್ತದೆ. ಹುದುಗು ಬಂದ ರೀತಿ, ಬಟ್ಟಿ ಇಳಿಸಿದವರ ಕೈಗುಣ ಯಾವುದೂ ಪೀಪಾಯಿ ಮರದ ರುಚಿಯ ಕೆಳಗೆ ಮುಚ್ಚಿಹೋಗಿರುವುದಿಲ್ಲ. ಅದನ್ನು ಮೂಗಿನಲ್ಲಿ, ನಾಲಗೆಯಲ್ಲಿ ಹಿಡಿಯುವುದನ್ನು ಕಲಿತರೆ ಈ ವಿಸ್ಕಿಗಳು ಬಹಳ ಖುಷಿ ಕೊಡುತ್ತವೆ.

ಡಬ್ಲಿನ್‌ನಲ್ಲೋ ಕಾರ್ಕ್‌ನಲ್ಲೋ ಕೆಲಸದಲ್ಲಿರುವ ಕನ್ನಡಿಗರಿಗೆ ಇಂಥ ಬಾಟಲಿ ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ. ಊರಲ್ಲಿರುವವರಿಗೆ ಡ್ಯೂಟಿ ಫ್ರೀಯಲ್ಲಿ, ಇಲ್ಲವೇ ಅಲ್ಲಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ. ಎಲ್ಲಿ ಸಿಕ್ಕಿದರೂ ಸವಿಯುವ ಕ್ರಮ ಒಂದೇ.

ಒಂದಿಷ್ಟು ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. 1980ರ ದಶಕದ ನಡುವೆ ಇಡೀ ಐರ್ಲೆಂಡ್ ದ್ವೀಪದಲ್ಲಿ ವಿಸ್ಕಿ ಮಾಡುತ್ತಿದ್ದುದು ಎರಡೇ ಕಡೆ: ಕಾರ್ಕ್ ಕೌಂಟಿಯ ಮಿಡಲ್ಟನ್, ಉತ್ತರದ ಬುಶ್‌ಮಿಲ್ಸ್. 1987ರಲ್ಲಿ ಜಾನ್ ಟೀಲಿಂಗ್ ಲೌತ್ ಕೌಂಟಿಯಲ್ಲಿ ಕೂಲಿ ಡಿಸ್ಟಿಲರಿ ಸ್ಥಾಪಿಸಿದರು. ನಿಜವಾದ ಏರಿಕೆ ಬಂದದ್ದು 2012ರ ಮೇಲೆ. 2020ರ ದಶಕ ಶುರುವಾಗುವ ಹೊತ್ತಿಗೆ ಡಿಸ್ಟಿಲರಿಗಳ ಸಂಖ್ಯೆ 40ರ ಆಸುಪಾಸಿಗೆ ಮುಟ್ಟಿತ್ತು. ಅಂದರೆ ಇವತ್ತು ಕಣ್ಣಿಗೆ ಬೀಳುವ ಹೊಸ ಐರಿಷ್ ಹೆಸರುಗಳಲ್ಲಿ ಹೆಚ್ಚಿನವುಗಳ ಸ್ವಂತ ವಿಸ್ಕಿ ಎಳೆಯದ್ದೇ.

ಉದಾಹರಣೆಗೆ ಎರಡು ಡಿಸ್ಟಿಲರಿಗಳನ್ನು ತೆಗೆದುಕೊಳ್ಳುತ್ತೇನೆ. ಒಂದು, ಪಶ್ಚಿಮ ತೀರದ ಕೆರಿ ಕೌಂಟಿಯ ಡಿಂಗಲ್. ಹಳೆಯ ಮರದ ಮಿಲ್ ಒಂದನ್ನು ಡಿಸ್ಟಿಲರಿ ಮಾಡಿಕೊಂಡು 2012ರ ಡಿಸೆಂಬರ್‌ನಲ್ಲಿ ಮೊದಲ ಪೀಪಾಯಿ ತುಂಬಿಸಿದರು. ಇಲ್ಲಿ ಮೂರು ಸಲ ಬಟ್ಟಿ ಇಳಿಸುತ್ತಾರೆ. ಸೀಮಿತ ಬ್ಯಾಚುಗಳಾದ ಮೇಲೆ, ಸದಾ ಸಿಗುವಂಥ ಸಿಂಗಲ್ ಮಾಲ್ಟ್ 2021ರಲ್ಲಿ ಬಂತು. ಅದರ ಆಲ್ಕೋಹಾಲ್ ಶೇ. 46.3. ಇನ್ನೊಂದು ವಾಟರ್‌ಫೋರ್ಡ್. ಸ್ಕಾಟ್ಲೆಂಡಿನ ಬ್ರುಕ್‌ಲಾಡಿ ಡಿಸ್ಟಿಲರಿಯನ್ನು ಮೇಲೆತ್ತಿದ್ದ ಮಾರ್ಕ್ ರೇನಿಯರ್ ಇಲ್ಲಿ ಗಿನ್ನೆಸ್‌ನ ಬಿಯರ್ ಕಾರ್ಖಾನೆಯೊಂದನ್ನು ಕೊಂಡು 2015ರ ಕೊನೆಗೆ ಬಟ್ಟಿ ಇಳಿಸಲು ಶುರು ಮಾಡಿದರು. ಒಂದೊಂದು ರೈತನ ಬಾರ್ಲಿಯನ್ನೂ ಬೇರೆ ಬೇರೆ ಇಟ್ಟು ವಿಸ್ಕಿ ಮಾಡುವುದು ಅವರ ಪಟ್ಟಾಗಿತ್ತು. ಇಲ್ಲಿ ಬಟ್ಟಿ ಎರಡೇ ಸಲ, ಬಾಟಲಿಗೆ ಹಾಕಿದ್ದು ಶೇ. 50ರಲ್ಲಿ. 2020ರಲ್ಲಿ ಮೊದಲ ಬಾಟಲಿಗಳು ಹೊರಬಂದಾಗ ಒಳಗಿನ ವಿಸ್ಕಿಗೆ ನಾಲ್ಕು ವರ್ಷದ ಆಸುಪಾಸು. 2024ರ ನವೆಂಬರ್‌ನಲ್ಲಿ ಕಂಪನಿ ಸಾಲ ವಸೂಲಿಗೆ ನೇಮಕವಾದ ರಿಸೀವರ್‌ಗಳ ಕೈಗೆ ಹೋಯಿತು. ನನಗೆ ಬಹಳ ಬೇಸರ ತಂದ ಸುದ್ದಿ ಅದು. ಅವರ ಬಾಟಲಿ ಎಲ್ಲಾದರೂ ಕಂಡರೆ ಬಿಡಬೇಡಿ.

ಮೊದಲು ಲೇಬಲ್ ಓದಿ

ಮುಚ್ಚಳ ತೆಗೆಯುವ ಮೊದಲು ಐದು ನಿಮಿಷ ಲೇಬಲ್‌ಗೆ ಕೊಡಿ. ಅತಿ ಮುಖ್ಯವಾದ ಪ್ರಶ್ನೆ ಇದು: ಈ ವಿಸ್ಕಿಯನ್ನು ನಿಜವಾಗಿ ಆ ಡಿಸ್ಟಿಲರಿಯೇ ಮಾಡಿದೆಯೇ?

ಐರಿಷ್ ವಿಸ್ಕಿ ಅನ್ನಿಸಿಕೊಳ್ಳಬೇಕಾದರೆ ಐರ್ಲೆಂಡ್ ದ್ವೀಪದಲ್ಲೇ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆಯಬೇಕು. ಪೀಪಾಯಿ 700 ಲೀಟರ್ ಮೀರಬಾರದು. ಬಾಟಲಿಯಲ್ಲಿ ಆಲ್ಕೋಹಾಲ್ ಶೇ. 40ಕ್ಕಿಂತ ಕಮ್ಮಿ ಇರಬಾರದು. ಆ ಮೂರು ವರ್ಷ ಹೊಸ ಕಂಪನಿ ಸಂಬಳ ಕೊಡಬೇಕಲ್ಲ? ಅದಕ್ಕೇ ಅನೇಕರು ಜಿನ್, ವೋಡ್ಕಾ ಮಾಡಿ ಮಾರುತ್ತಾರೆ. ಇಲ್ಲವೇ ದೊಡ್ಡ ಡಿಸ್ಟಿಲರಿಯಿಂದ ಹದವಾದ ವಿಸ್ಕಿ ಕೊಂಡು ತಮ್ಮ ಹೆಸರಲ್ಲಿ ಬಾಟಲಿ ಮಾಡುತ್ತಾರೆ. ಇದು ಕಾನೂನುಬದ್ಧ. ಆ ವಿಸ್ಕಿ ಬಹಳ ಚೆನ್ನಾಗಿಯೂ ಇರಬಹುದು. ಟೀಲಿಂಗ್‌ನ 24 ವರ್ಷದ ಸಿಂಗಲ್ ಮಾಲ್ಟ್ 2019ರ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಅನ್ನಿಸಿಕೊಂಡಿತು. ಆದರೆ ಡಬ್ಲಿನ್‌ನ ಟೀಲಿಂಗ್ ಡಿಸ್ಟಿಲರಿ ತೆರೆದದ್ದು 2015ರಲ್ಲಿ. ಆ ವಿಸ್ಕಿ ಹುಟ್ಟಿದ್ದು ಬೇರೆ ಕಡೆ ಅನ್ನುವುದು ಇಷ್ಟರಿಂದಲೇ ಗೊತ್ತಾಗುತ್ತದೆ.

ಹಾಗಾಗಿ ಸುಲಭದ ಲೆಕ್ಕ ಹಾಕಿ. ಡಿಸ್ಟಿಲರಿ ಶುರುವಾದ ವರ್ಷ ನೋಡಿ. ಬಾಟಲಿ ಮೇಲಿನ ವಯಸ್ಸು ನೋಡಿ. ಡಿಸ್ಟಿಲರಿಗಿಂತ ವಿಸ್ಕಿಗೇ ಜಾಸ್ತಿ ವಯಸ್ಸಾಗಿದ್ದರೆ ಅದು ಕೊಂಡು ತಂದದ್ದು. ವಯಸ್ಸು ಬರೆದಿಲ್ಲದಿದ್ದರೆ ಸಣ್ಣ ಅಕ್ಷರಗಳನ್ನು ಓದಿ. 'ಡಿಸ್ಟಿಲ್ಡ್' ಅಂತ ಬರೆದು ಪಕ್ಕದಲ್ಲೇ ಡಿಸ್ಟಿಲರಿಯ ಹೆಸರಿದ್ದರೆ ಸರಿ. 'ಬಾಟಲ್ಡ್ ಬೈ', 'ಪ್ರೊಡ್ಯೂಸ್ಡ್ ಫಾರ್' ಅಂತ ಮಾತ್ರ ಇದ್ದರೆ ವಿಚಾರಿಸಿ. ವಾಟರ್‌ಫೋರ್ಡ್ ಇದರಲ್ಲಿ ಎಲ್ಲರಿಗಿಂತ ಮುಂದಿತ್ತು. ಪ್ರತಿ ಬಾಟಲಿಗೂ ಒಂದು ಕೋಡ್ ಇಟ್ಟು, ಬಾರ್ಲಿ ಬೆಳೆದ ಹೊಲದಿಂದ ಹಿಡಿದು ಪೀಪಾಯಿಗಳ ವಿವರದವರೆಗೆ ತೆರೆದಿಟ್ಟಿತ್ತು.

ಸಿಂಗಲ್ ಮಾಲ್ಟ್‌ಗೂ ಸಿಂಗಲ್ ಪಾಟ್ ಸ್ಟಿಲ್‌ಗೂ ಗೊಂದಲ ಮಾಡಿಕೊಳ್ಳಬೇಡಿ. ಎರಡರಲ್ಲೂ 'ಸಿಂಗಲ್' ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ್ದು ಅಂತ. ಸಿಂಗಲ್ ಮಾಲ್ಟ್ ಪೂರ್ತಿ ಮೊಳಕೆ ಬರಿಸಿದ ಬಾರ್ಲಿಯದ್ದು. ಪಾಟ್ ಸ್ಟಿಲ್‌ನಲ್ಲಿ ಮೊಳಕೆ ಬರಿಸದ ಬಾರ್ಲಿಯೂ ಸೇರುತ್ತದೆ. ಅದರ ರುಚಿಯೇ ಬೇರೆ, ಖಾರ ಸ್ವಲ್ಪ ಮುಂದಿರುತ್ತದೆ.

ಇನ್ನು ಪೀಪಾಯಿ. ಬರ್ಬನ್ ಅನ್ನುವ ಅಮೆರಿಕದ ವಿಸ್ಕಿ ಇದ್ದ ಪೀಪಾಯಿ ಸುಮಾರು 200 ಲೀಟರಿನದು. ಶೆರಿ ಅನ್ನುವ ಸ್ಪೇನಿನ ವೈನ್ ಇದ್ದ ಪೀಪಾಯಿ, ಅಂದರೆ ಶೆರಿ ಬಟ್, ಸುಮಾರು 500 ಲೀಟರ್. ಪೀಪಾಯಿ ಚಿಕ್ಕದಾದಷ್ಟೂ ಮರದ ಸತ್ವ ಬೇಗ ಇಳಿಯುತ್ತದೆ. 'ವರ್ಜಿನ್ ಓಕ್' ಅಂದರೆ ಮೊದಲು ಏನನ್ನೂ ತುಂಬಿರದ ಹೊಸ ಮರ. 'ಎಸ್‌ಟಿಆರ್' ಅಂದರೆ ವೈನ್ ಪೀಪಾಯಿಯ ಒಳಮೈ ಕೆತ್ತಿ ಮತ್ತೆ ಸುಟ್ಟದ್ದು. ಇವೆರಡೂ ಎಳೆಯ ವಿಸ್ಕಿಗೆ ಬೇಗ ಬಣ್ಣ, ಸಿಹಿ ಕೊಡುತ್ತವೆ. ಲೇಬಲ್‌ನಲ್ಲಿ ಇವು ಕಂಡರೆ ನೆನಪಿಟ್ಟುಕೊಳ್ಳಿ, ರುಚಿ ನೋಡುವಾಗ ಬೇಕಾಗುತ್ತದೆ.

ತಯಾರಿ

ಗಾಜಿನ ಲೋಟ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿರಲಿ. ಗ್ಲೆನ್‌ಕೈರ್ನ್ ಅನ್ನುವ ವಿಸ್ಕಿ ಗ್ಲಾಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸ್ ಸಾಕು. ನೇರ ಗೋಡೆಯ ದಪ್ಪ ಗ್ಲಾಸಿನಲ್ಲಿ ಕಂಪು ನಿಲ್ಲುವುದಿಲ್ಲ. ಅದು ಐಸ್ ಹಾಕಿಕೊಂಡು ಕುಡಿಯುವವರಿಗೆ.

ನಮ್ಮ ಮನೆಗಳಲ್ಲಿ ದೊಡ್ಡ ತೊಂದರೆ ಅಂದರೆ ಬೇರೆ ವಾಸನೆಗಳು. ಒಲೆ ಮೇಲೆ ಒಗ್ಗರಣೆ ಚಟಪಟ ಅನ್ನುತ್ತಿದ್ದರೆ, ಪಕ್ಕದಲ್ಲಿ ಊದಿನಕಡ್ಡಿ ಉರಿಯುತ್ತಿದ್ದರೆ ಎಳೆಯ ವಿಸ್ಕಿಯ ಮೆಲುವಾದ ಹಣ್ಣಿನ ಕಂಪು ಮೂಗಿಗೆ ತಾಗುವುದೇ ಇಲ್ಲ. ಕೈಗೆ ಹಚ್ಚಿದ ಸ್ಯಾನಿಟೈಸರ್ ಕೂಡ ಇಡೀ ಸಂಜೆಯನ್ನು ಹಾಳು ಮಾಡುತ್ತದೆ. ಫಿಲ್ಟರ್ ಕಾಫಿ, ಎಲೆಅಡಿಕೆ, ಖಾರದ ಊಟ ಆದ ಮೇಲೆ ಕನಿಷ್ಠ ಒಂದು ಗಂಟೆ ಬಿಡಿ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು.

ಪಕ್ಕದಲ್ಲಿ ಕುಡಿಯುವ ನೀರು, ಒಂದು ಟೀ ಚಮಚ, ಸಾಧ್ಯವಾದರೆ ಔಷಧಿ ಹನಿ ಹಾಕುವ ಫಿಲ್ಲರ್ ಇಟ್ಟುಕೊಳ್ಳಿ. ಬೋರ್‌ವೆಲ್ ನೀರು ಬೇಡ, ಅದರ ಗಡಸು ರುಚಿ ವಿಸ್ಕಿಯೊಳಗೆ ಬರುತ್ತದೆ. ಒಂದು ಸಣ್ಣ ಪೆಗ್, ಅಂದರೆ 30 ಎಂಎಲ್, ಬಗ್ಗಿಸಿ. ಒಂದು ಸಂಜೆಗೆ ಒಬ್ಬರಿಗೆ ಅಂಥವು ಎರಡು ದಾಟದಿರಲಿ. ಗಾಡಿ ಓಡಿಸುವವರು ಆ ದಿನ ಮೂಸಿ ನೋಡುವುದಕ್ಕೇ ನಿಲ್ಲಿಸಲಿ.

ಬಣ್ಣ

ಬಣ್ಣಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಐರಿಷ್ ವಿಸ್ಕಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಅನುಮತಿ ಇದೆ. 'ನ್ಯಾಚುರಲ್ ಕಲರ್' ಅಂತ ಬರೆದಿದ್ದರೆ ಮಾತ್ರ ಬಣ್ಣ ಏನಾದರೂ ಹೇಳುತ್ತದೆ. ನಾಲ್ಕು ವರ್ಷದ ವಿಸ್ಕಿ ಒಣಹುಲ್ಲಿನ ಬಣ್ಣಕ್ಕಿದ್ದರೆ ಹಳೆಯ ಬರ್ಬನ್ ಪೀಪಾಯಿ. ತಾಮ್ರದ ಬಣ್ಣಕ್ಕಿದ್ದರೆ ಶೆರಿ, ವೈನ್ ಅಥವಾ ಹೊಸ ಮರ.

ಮೂಗು: ಇಲ್ಲಿ ಅವಸರ ಬೇಡ

ಬಗ್ಗಿಸಿದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಎಳೆಯ ವಿಸ್ಕಿಗೆ ಇದು ತುಂಬಾ ಮುಖ್ಯ. ಮೊದಲಿಗೆ ಏಳುವ ಘಾಟು ಈ ಹೊತ್ತಿನಲ್ಲಿ ಸ್ವಲ್ಪ ಹಾರಿಹೋಗುತ್ತದೆ. ವೈನ್‌ನಂತೆ ಜೋರಾಗಿ ತಿರುಗಿಸಬೇಡಿ. ತಿರುಗಿಸಿದಷ್ಟೂ ಆಲ್ಕೋಹಾಲ್ ಮೇಲೆದ್ದು ಮೂಗು ಮರಗಟ್ಟುತ್ತದೆ.

ಗ್ಲಾಸನ್ನು ಮೊದಲು ಗಲ್ಲದ ಮಟ್ಟದಲ್ಲಿ ಹಿಡಿಯಿರಿ. ಬಾಯಿ ಸ್ವಲ್ಪ ತೆರೆದಿರಲಿ. ಉಸಿರು ಮೂಗಿನಲ್ಲೂ ಬಾಯಲ್ಲೂ ಒಟ್ಟಿಗೆ ಒಳಗೆ ಹೋಗಲಿ. ನಿಧಾನಕ್ಕೆ ಮೇಲೆ ತನ್ನಿ. ಎಲ್ಲಿ ಚುಚ್ಚಿತೋ ಅಲ್ಲಿಂದ ಒಂದು ಇಂಚು ಕೆಳಗಿಳಿಸಿ ಅಲ್ಲೇ ನಿಲ್ಲಿಸಿ. ಒಂದು ಹೊಳ್ಳೆ, ಆಮೇಲೆ ಇನ್ನೊಂದು ಹೊಳ್ಳೆ. ನಡುವೆ ನಿಮ್ಮ ಅಂಗಿಯ ತೋಳನ್ನೇ ಮೂಸಿ. ಮೂಗು ಮತ್ತೆ ತಾಜಾ ಆಗುತ್ತದೆ.

ಈಗ ಹುಡುಕಬೇಕಾದದ್ದು ಮೂರು ಗುಂಪು.

ಒಂದು, ಧಾನ್ಯ. ರಾಗಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದಾಗ ಹಿಟ್ಟಿನ ಡಬ್ಬಿ ತೆರೆದರೆ ಬರುವ ವಾಸನೆ ಗೊತ್ತಲ್ವಾ? ಬಾರ್ಲಿಗೂ ಮಾಡುವುದು ಹೆಚ್ಚುಕಮ್ಮಿ ಅದೇ ಕೆಲಸ. ಎಳೆಯ ಮಾಲ್ಟ್‌ನಲ್ಲಿ ಆ ವಾಸನೆ ನಿಚ್ಚಳವಾಗಿ ಸಿಗುತ್ತದೆ. ಬಿಸ್ಕತ್ತು, ಹುರಿಹಿಟ್ಟು, ಒಣಹುಲ್ಲು, ಕೆಲವೊಮ್ಮೆ ಒದ್ದೆ ಮಣ್ಣು. ಎರಡೇ ಸಲ ಬಟ್ಟಿ ಇಳಿಸಿದ ವಾಟರ್‌ಫೋರ್ಡ್‌ನಲ್ಲಿ ಈ ಭಾಗ ದಟ್ಟ, ಎಣ್ಣೆ ಎಣ್ಣೆ. ಮೂರನೇ ಸಲ ಬಟ್ಟಿಗೆ ಹೋದ ಮದ್ಯದ ಶಕ್ತಿ ಶೇ. 80 ದಾಟುತ್ತದೆ. ಭಾರದ ಅಂಶಗಳು ಹಿಂದೆ ಉಳಿದು ಹಗುರವಾದದ್ದು ಮುಂದೆ ಬರುತ್ತದೆ. ಡಿಂಗಲ್‌ನಂಥವುಗಳಲ್ಲಿ ಧಾನ್ಯ ಇರುತ್ತದೆ, ಆದರೆ ತೆಳ್ಳಗೆ, ಹಣ್ಣಿನ ಹಿಂದೆ.

ಎರಡು, ಹಣ್ಣು. ಹಸಿರು ಸೇಬು, ಪೇರ್, ಬಾಳೆಹಣ್ಣು. ಇವು ಮರದಿಂದ ಬಂದವಲ್ಲ. ಹುದುಗು ಬರುವಾಗ ಯೀಸ್ಟ್ ಮಾಡುವ ಎಸ್ಟರ್ ಅನ್ನುವ ಕಂಪಿನ ರಾಸಾಯನಿಕಗಳಿಂದ ಬಂದವು. ಬಾಳೆಹಣ್ಣಿನ ಕಂಪು ಐಸೊಅಮೈಲ್ ಅಸಿಟೇಟ್‌ನದು. ಹುದುಗಿಗೆ ಹೆಚ್ಚು ದಿನ ಕೊಟ್ಟ ಡಿಸ್ಟಿಲರಿಗಳಲ್ಲಿ ಹಣ್ಣು ಚೆನ್ನಾಗಿ ತೆರೆದುಕೊಳ್ಳುತ್ತದೆ. ಇದೇ ಕುಟುಂಬದ ಇಥೈಲ್ ಅಸಿಟೇಟ್ ಜಾಸ್ತಿಯಾದರೆ ಮಾತ್ರ ನೇಲ್ ಪಾಲಿಶ್ ರಿಮೂವರ್ ವಾಸನೆ ಹೊಡೆಯುತ್ತದೆ. ಒಂದು ಎಳೆ ಇದ್ದರೆ ತೊಂದರೆ ಇಲ್ಲ. ಹತ್ತು ನಿಮಿಷ ಆದ ಮೇಲೂ ಅದೇ ಮುಂದಿದ್ದರೆ ಅದು ದೋಷ.

ಮೂರು, ಮರ. ವೆನಿಲ್ಲಾ, ಒಣಕೊಬ್ಬರಿ, ಲವಂಗ, ಸುಟ್ಟ ಸಕ್ಕರೆ. ಅಮೆರಿಕದ ಓಕ್ ಮರದಲ್ಲಿರುವ ಲ್ಯಾಕ್ಟೋನ್‌ಗಳು ಕೊಬ್ಬರಿ ವಾಸನೆ ಕೊಡುತ್ತವೆ. ಶೆರಿ ಪೀಪಾಯಿ ಆದರೆ ಒಣದ್ರಾಕ್ಷಿ, ಖರ್ಜೂರ, ಅಕ್ರೋಟ. ಡಿಂಗಲ್‌ನಲ್ಲಿ ಪೆಡ್ರೊ ಹಿಮೆನೆಸ್ ಅನ್ನುವ ಅತಿ ಸಿಹಿ ಶೆರಿಯ ಪೀಪಾಯಿಗಳ ಜೊತೆ ಬರ್ಬನ್ ಪೀಪಾಯಿಗಳೂ ಸೇರಿವೆ. ಹಾಗಾಗಿ ದ್ರಾಕ್ಷಿಯ ಕೆಳಗೆ ಜೇನು, ವೆನಿಲ್ಲಾ ಹುಡುಕಿ.

ಪುಸ್ತಕದಲ್ಲಿ, ಬಾಟಲಿ ಹಿಂದೆ ಬರೆದ ಹಣ್ಣುಗಳ ಪಟ್ಟಿಯನ್ನು ಆಮೇಲೆ ಓದಿ. ನೀವು ಗೂಸ್‌ಬೆರಿ ತಿಂದೇ ಇಲ್ಲದಿದ್ದರೆ ಅದು ಹೇಗೆ ಸಿಗಬೇಕು? ನಿಮಗೆ ಪಚ್ಚಬಾಳೆ ಅನ್ನಿಸಿದರೆ ಪಚ್ಚಬಾಳೆ ಅಂತಲೇ ಬರೆಯಿರಿ. ಜೋನಿ ಬೆಲ್ಲ ಅನ್ನಿಸಿದರೆ ಹಾಗೇ ಬರೆಯಿರಿ. ಮುಂದಿನ ಸಲ ನಿಮಗೆ ಉಪಯೋಗಕ್ಕೆ ಬರುವುದು ಆ ಟಿಪ್ಪಣಿಯೇ.

ಮೊದಲ ಗುಟುಕು

ಮೊದಲ ಗುಟುಕಿನಿಂದ ಏನನ್ನೂ ತೀರ್ಮಾನಿಸಬೇಡಿ. ಅದು ಬಾಯಿಗೆ ಅಭ್ಯಾಸ ಮಾಡಿಸಲು. ಅರ್ಧ ಟೀ ಚಮಚದಷ್ಟು ತೆಗೆದುಕೊಂಡು ಬಾಯಲ್ಲೆಲ್ಲ ಓಡಾಡಿಸಿ ನುಂಗಿ. ಉರಿಯುತ್ತದೆ, ಸಹಜ. ಒಂದು ನಿಮಿಷ ಬಿಟ್ಟು ಎರಡನೆಯದು ತೆಗೆದುಕೊಳ್ಳಿ. ಇದನ್ನು ನಾಲಗೆ ಮೇಲೆ ಹತ್ತು ಸೆಕೆಂಡಾದರೂ ಇಟ್ಟುಕೊಳ್ಳಿ.

ಮೊದಲು ಗಮನಿಸುವುದು ಮೈಕಟ್ಟು. ನೀರಿನ ಹಾಗೆ ಹರಿದುಹೋಯಿತೋ, ಎಣ್ಣೆಯಂತೆ ನಾಲಗೆಗೆ ಅಂಟಿತೋ? ಶೇ. 46ರ ಮೇಲಿನ, ಚಿಲ್ ಫಿಲ್ಟರ್ ಮಾಡದ, ಅಂದರೆ ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಕೊಬ್ಬಿನಂಶದ ಎಸ್ಟರ್‌ಗಳು ಉಳಿದಿರುತ್ತವೆ. ಅದಕ್ಕೇ ಆ ಮಂದ. ಎಷ್ಟೋ ಹೊಸ ಡಿಸ್ಟಿಲರಿಗಳು 46 ಅನ್ನು ಆರಿಸಿಕೊಳ್ಳಲು ಇದೇ ಕಾರಣ. ಎಳೆಯ ವಿಸ್ಕಿಗೆ ಈ ಮಂದ ದೊಡ್ಡ ಆಸ್ತಿ.

ಆಮೇಲೆ ರುಚಿ ಬರುವ ಸಾಲು. ಮೊದಲು ಸಿಹಿ, ನಡುವೆ ಧಾನ್ಯ, ಕೊನೆಗೆ ಕಾಳುಮೆಣಸು, ಶುಂಠಿಯ ಖಾರ. ಎಳೆಯ ವಿಸ್ಕಿ ಸಾಮಾನ್ಯವಾಗಿ ಎಡವುವುದು ನಡುವಿನಲ್ಲಿ. ಸಿಹಿ ಬಂತು, ಖಾರ ಬಂತು, ನಡುವೆ ಏನೂ ಇಲ್ಲ. ಒಳ್ಳೆಯ ಎಳೆಯ ಮಾಲ್ಟ್‌ನಲ್ಲಿ ಆ ನಡುಭಾಗವನ್ನು ಬಾರ್ಲಿ ತುಂಬಿರುತ್ತದೆ.

ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಬಹಳಷ್ಟು ಕಂಪು ಆಗಲೇ ಸಿಗುವುದು. ನಾಲಗೆಯ ಅಂಚಿನಲ್ಲಿ ಒಗರು ಉಳಿಯಿತೇ ನೋಡಿ. ಅಡಿಕೆ ಅಗಿದ ಮೇಲಿನಂಥ ಒಗರು ನಾಲ್ಕು ವರ್ಷದ ವಿಸ್ಕಿಯಲ್ಲಿ ಉಳಿದರೆ ಮರ ಬೇಗ ಬೇಗ ಇಳಿದಿದೆ ಅಂತ ಅರ್ಥ. ಚಿಕ್ಕ ಪೀಪಾಯಿ ಅಥವಾ ಹೊಸ ಮರ. ಲೇಬಲ್‌ಗೆ ಮತ್ತೆ ಕಣ್ಣು ಹಾಯಿಸಿ.

ನೀರು ಹಾಕುವ ಲೆಕ್ಕ

ಎಳೆಯ ವಿಸ್ಕಿಯನ್ನು ನೀರಿಲ್ಲದೆ ಮಾತ್ರ ನೋಡಿ ಮುಗಿಸುವುದು ಅನ್ಯಾಯ. ನೀರು ಘಾಟನ್ನು ಇಳಿಸುತ್ತದೆ. ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಮಾದರಿಯಿಂದ ಇದನ್ನು ತೋರಿಸಿದರು. ಆಲ್ಕೋಹಾಲ್ ಹೆಚ್ಚಿದ್ದಾಗ ಗ್ವಾಯಕಾಲ್‌ನಂಥ ಕಂಪಿನ ಅಣುಗಳು ದ್ರವದ ಒಳಗೇ ಉಳಿಯುತ್ತವೆ. ನೀರು ಬೆರೆಸಿದಾಗ ಮೇಲ್ಮೈಗೆ ಬರುತ್ತವೆ.

ಮೊದಲು ಮೂರು ಹನಿ ಮಾತ್ರ ಹಾಕಿ. ಗ್ಲಾಸನ್ನು ಬೆಳಕಿಗೆ ಹಿಡಿಯಿರಿ. ನೀರು ವಿಸ್ಕಿಯೊಳಗೆ ಸಣ್ಣ ಸಣ್ಣ ಗೆರೆಗಳಾಗಿ ಸುತ್ತುತ್ತಾ ಇಳಿಯುವುದು ಕಾಣುತ್ತದೆ. ಗೆರೆ ಕರಗಿದ ಮೇಲೆ ಮತ್ತೆ ಮೂಸಿ. ಇನ್ನಷ್ಟು ಹಾಕಬೇಕೋ ಬೇಡವೋ ನಿಮ್ಮ ಮೂಗಿಗೇ ಗೊತ್ತಾಗುತ್ತದೆ.

ಪೂರ್ತಿ ಶೇ. 40ಕ್ಕೆ ಇಳಿಸಿ ನೋಡಬೇಕಾದರೆ ಲೆಕ್ಕ ಸುಲಭ. 30 ಎಂಎಲ್‌ನ ಪೂರ್ತಿ ಪೆಗ್‌ಗೆ, ವಿಸ್ಕಿ ಶೇ. 46 ಇದ್ದರೆ ಒಂದು ಟೀ ಚಮಚ, ಅಂದರೆ 5 ಎಂಎಲ್ ನೀರು. ಶೇ. 50 ಇದ್ದರೆ ಒಂದೂವರೆ ಚಮಚ. ಶೇ. 60ರ ಕಾಸ್ಕ್ ಸ್ಟ್ರೆಂತ್, ಅಂದರೆ ಪೀಪಾಯಿಯಿಂದ ತೆಗೆದ ಮೇಲೆ ನೀರು ಬೆರೆಸದ ವಿಸ್ಕಿ ಆದರೆ ಮೂರು ಚಮಚ. ಅಷ್ಟರಲ್ಲಿ ಅರ್ಧ ಕುಡಿದಿದ್ದರೆ ನೀರೂ ಅರ್ಧ. ನೀರು ಬಿದ್ದಾಗ ಸ್ವಲ್ಪ ಮಬ್ಬಾದರೆ ಗಾಬರಿ ಬೇಡ. ಚಿಲ್ ಫಿಲ್ಟರ್ ಮಾಡಿಲ್ಲ ಅನ್ನುವುದಕ್ಕೆ ಅದು ಗುರುತು.

ನೀರು ಬಿದ್ದ ಮೇಲೆ ನಿಜ ಬಯಲಾಗುತ್ತದೆ. ಮೇಲೆ ಹಚ್ಚಿದಂತಿದ್ದ ಶೆರಿ ಸಿಹಿ ಒಂದು ಕಡೆ, ಹಸಿ ಮದ್ಯ ಇನ್ನೊಂದು ಕಡೆ ಒಡೆದು ನಿಂತರೆ ಪೀಪಾಯಿ ಮತ್ತು ಮದ್ಯ ಇನ್ನೂ ಕೂಡಿಕೊಂಡಿಲ್ಲ. ಧಾನ್ಯ, ಹಣ್ಣು, ಮರ ಮೂರೂ ಒಟ್ಟಿಗೇ ಮೆತ್ತಗಾದರೆ ವಯಸ್ಸು ಮೂರೇ ಆಗಿರಲಿ, ಆ ವಿಸ್ಕಿ ಹದಕ್ಕೆ ಬಂದಿದೆ. ನಾನು ಬಾಟಲಿ ಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದು ಇದೊಂದರಿಂದಲೇ.

ಪಕ್ಕದಲ್ಲಿ ಇನ್ನೊಂದು ಗ್ಲಾಸ್

ಒಂದನ್ನೇ ಕುಡಿದರೆ ಅಳತೆ ಸಿಗುವುದಿಲ್ಲ. ಸಾಧ್ಯವಾದರೆ ಪಕ್ಕದಲ್ಲಿ ಬುಶ್‌ಮಿಲ್ಸ್ 10 ವರ್ಷದ್ದು 15 ಎಂಎಲ್ ಇಡಿ. ಅದೂ ಮೂರು ಸಲ ಬಟ್ಟಿ ಇಳಿಸಿದ ಮಾಲ್ಟ್. ಹೆಚ್ಚಿನ ವರ್ಷಗಳು ಏನು ಕೊಡುತ್ತವೆ, ಏನನ್ನು ಅಳಿಸಿಹಾಕುತ್ತವೆ ಎರಡೂ ಗೊತ್ತಾಗುತ್ತದೆ.

ಬೆಂಗಳೂರಿನವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಮನೆ ಬಾಗಿಲಲ್ಲೇ ಇದೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಯಿತು. ಅದರಲ್ಲೂ ಸಾಮಾನ್ಯವಾಗಿ ಇರುವುದು ನಾಲ್ಕೈದು ವರ್ಷದ ವಿಸ್ಕಿಯೇ. ಆದರೆ ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ಶೇ. 10-12ರಷ್ಟು ಆವಿಯಾಗಿ ಹೋಗುತ್ತದೆ. ಐರ್ಲೆಂಡಿನ ತಂಪಿನಲ್ಲಿ ಅದು ಶೇ. 2ರ ಆಸುಪಾಸು. ಬಿಸಿಲಿನಲ್ಲಿ ಮರ ಮತ್ತು ಮದ್ಯದ ಕೊಡುಕೊಳ್ಳುವಿಕೆ ಜೋರು. ಎರಡೂ ನಾಲ್ಕು ವರ್ಷದ್ದೇ ಆದರೂ ಅಮೃತ್‌ನಲ್ಲಿ ಮರ ಮುಂದೆ, ಐರಿಷ್ ಗ್ಲಾಸಿನಲ್ಲಿ ಧಾನ್ಯ ಮುಂದೆ. ಬಾಟಲಿ ಮೇಲಿನ ವಯಸ್ಸಿನ ಅಂಕಿ ಎಷ್ಟು ಮಾತ್ರ ಹೇಳುತ್ತದೆ ಅನ್ನುವುದು ಈ ಎರಡು ಗ್ಲಾಸ್ ಪಕ್ಕಪಕ್ಕ ಇಟ್ಟಾಗ ಚೆನ್ನಾಗಿ ಮನಸ್ಸಿಗೆ ಹೋಗುತ್ತದೆ.

ಎಳೆತನವೋ, ದೋಷವೋ?

ಮಸಾಲೆ ಹುರಿಯುವಾಗ "ಹಸಿ ವಾಸನೆ ಹೋಯ್ತಾ?" ಅಂತ ನೋಡುತ್ತೇವಲ್ಲ, ಇಲ್ಲೂ ಹಾಗೇ ಕೇಳಬಹುದು. ಹಸಿ ಹಿಟ್ಟು, ಹಸಿರು ಸೇಬು, ಸ್ವಲ್ಪ ಚುರುಕು ಘಾಟು, ಇವೆಲ್ಲ ಎಳೆತನ. ಇನ್ನೆರಡು ಮೂರು ವರ್ಷದಲ್ಲಿ ಕಳೆಯುತ್ತವೆ. ಒದ್ದೆ ರಟ್ಟು, ಬೆವರು ಹಿಡಿದ ಚರ್ಮದಂಥ ವಾಸನೆ ಬಂದರೆ ಅದು ಬೇರೆ. ಬಟ್ಟಿ ಇಳಿಸುವಾಗ ಕೊನೆಯ ಭಾಗವನ್ನು ತಡವಾಗಿ ಕತ್ತರಿಸಿದರೆ ಹಾಗಾಗುತ್ತದೆ. ಸುಟ್ಟ ರಬ್ಬರ್, ಗೀರಿದ ಬೆಂಕಿಕಡ್ಡಿಯ ವಾಸನೆ ಗಂಧಕದ್ದು. ಅದು ತಾಮ್ರದ ಜೊತೆ ಸಾಕಷ್ಟು ಹೊತ್ತು ಕಳೆಯದ ಮದ್ಯದಿಂದ ಬಂದಿರಬಹುದು, ಶೆರಿ ಪೀಪಾಯಿಯಿಂದಲೂ ಬಂದಿರಬಹುದು. ಎಳೆತನಕ್ಕೆ ರಿಯಾಯಿತಿ ಕೊಡಿ. ಇವಕ್ಕೆ ಕೊಡಬೇಡಿ.

ಬೆಲೆಯ ವಿಷಯವನ್ನೂ ಹೇಳಬೇಕು. ಹೊಸ ಡಿಸ್ಟಿಲರಿಯ ಮೊಟ್ಟಮೊದಲ ಬಾಟಲಿಗಳಿಗೆ ಸಂಗ್ರಹ ಮಾಡುವವರು ಮುಗಿಬೀಳುತ್ತಾರೆ. ನೀವು ಕುಡಿಯಲು ಕೊಳ್ಳುವವರಾದರೆ ಮೊದಲ ಬ್ಯಾಚಿನ ಹಿಂದೆ ಓಡುವ ಅಗತ್ಯ ಇಲ್ಲ. ಮೂರನೆಯದೋ ನಾಲ್ಕನೆಯದೋ ಬರುವ ಹೊತ್ತಿಗೆ ವಿಸ್ಕಿಗೂ ಒಂದೆರಡು ವರ್ಷ ಜಾಸ್ತಿ ಆಗಿರುತ್ತದೆ, ಬೆಲೆಯೂ ನೆಲಕ್ಕೆ ಬಂದಿರುತ್ತದೆ. ಡಬ್ಲಿನ್‌ನಲ್ಲಿರುವವರು ಬಾಟಲಿಗೆ ದುಡ್ಡು ಹಾಕುವ ಮೊದಲು ಒಳ್ಳೆಯ ವಿಸ್ಕಿ ಪಬ್‌ನಲ್ಲಿ ಒಂದು ಗ್ಲಾಸ್ ಕುಡಿದು ನೋಡಿ.

ಬಾಟಲಿ ತೆರೆದ ದಿನವೇ ಅಂತಿಮ ತೀರ್ಪು ಬರೆಯಬೇಡಿ. ಎಳೆಯ ವಿಸ್ಕಿ ಗಾಳಿ ತಾಗಿದ ಮೇಲೆ ಎರಡು ಮೂರು ವಾರದಲ್ಲಿ ಚೆನ್ನಾಗಿ ಸಡಿಲಗೊಳ್ಳುವುದುಂಟು. ಬಾಟಲಿಯನ್ನು ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಿದರೆ ಕಾರ್ಕ್ ಹಾಳಾಗುತ್ತದೆ. ಮೊದಲ ದಿನದ ಟಿಪ್ಪಣಿ ತೆಗೆದಿಟ್ಟು, ಮೂರು ವಾರ ಬಿಟ್ಟು ಅದನ್ನು ನೋಡದೆ ಇನ್ನೊಂದು ಟಿಪ್ಪಣಿ ಬರೆಯಿರಿ. ಎರಡನ್ನೂ ಹೋಲಿಸಿದ ಮೇಲೆ ಆ ಡಿಸ್ಟಿಲರಿಯ ಮುಂದಿನ ಬಾಟಲಿ ಕೊಳ್ಳುವುದೋ ಬೇಡವೋ ತೀರ್ಮಾನಿಸಿ.